ನಾಲ್ಕು ಮೀಟರು ದಾಟಿದ ಕಾರು

ಕಳೆದ ವಾರ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಹೊಣಕೆರೆಯ ಕಡೆಯವನು, ಎಂಟನೆಯ ತರಗತಿಯಿಂದ ಹತ್ತರವರೆಗೆ ನನ್ನಲ್ಲಿ ಗಣಿತ ಕಲಿತವನು. ಈಗ ಮಂಡ್ಯದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು ತಾಯಿ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ನೆಮ್ಮದಿಯಾಗಿದ್ದಾನೆ. ಕುಶಲಪ್ರಶ್ನೆಗಳಾದ ಮೇಲೆ ವಿಷಯಕ್ಕೆ ಬಂದ. “ಸಾ, 2016ರ ಇಟಿಯೋಸ್ ಒಂದು ಮಾರಾಟಕ್ಕೆ ಬಂದೈತೆ. ನೀವು ಹದಿನೈದು ವರ್ಷದಿಂದ ಅದ್ನೇ ಓಡಿಸ್ತಿದ್ದೀರಿ. ತಗೋಬೋದಾ, ಬ್ಯಾಡ್ವಾ? ಒಂದೇ ಮಾತಲ್ಲಿ ಹೇಳ್ಬುಡಿ ಸಾ” ಎಂದ.

ಐದು ಅಂಕದ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬರೆದವರಿಗೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ. ಆದ್ದರಿಂದ ಅವನಿಗೆ, “ಬರೆದು ಕಳಿಸುತ್ತೇನೆ, ಓದಿಕೊಂಡು ನೀನೇ ತೀರ್ಮಾನ ಮಾಡು” ಎಂದೆ. ನನಗೂ ಈ ಲೆಕ್ಕವನ್ನು ಒಮ್ಮೆ ಕೂಡಿ ಕಳೆದು ನೋಡಬೇಕಾಗಿತ್ತು. 2011ರಲ್ಲಿ ಕೊಂಡ ನನ್ನ ಕಾರಿಗೆ ಈ 2026ರಲ್ಲಿ ಹದಿನೈದು ವರ್ಷ ತುಂಬುತ್ತದೆ. ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಬೇಕು, ಇಲ್ಲವೇ ಕಾರನ್ನು ಬೀಳ್ಕೊಡಬೇಕು. ಇಟ್ಟುಕೊಳ್ಳುವುದೋ ಕೊಡುವುದೋ ಎಂಬ ಪ್ರಶ್ನೆ ಶಿಷ್ಯನಿಗಿಂತ ಮೊದಲು ಗುರುವನ್ನೇ ಕಾಡುತ್ತಿತ್ತು.

ನಾನು ಕಾರು ಕೊಂಡದ್ದು ನಿವೃತ್ತನಾದ ಮೇಲೆ. ಅದುವರೆಗೆ ಸ್ಕೂಟರು, ಅದು ಕೈಕೊಟ್ಟ ದಿನ ಸರ್ಕಾರಿ ಬಸ್ಸು. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಮಂಡ್ಯದ ಮೇಲೆ ಬೆಂಗಳೂರಿಗೆ ಹೋಗುವಾಗಲೆಲ್ಲ ಬಿಡದಿಯನ್ನು ದಾಟುತ್ತಿದ್ದೆ. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಆ ಊರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಬಂದು, ಅಲ್ಲಿಂದ ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ ಹೊರಬಿದ್ದವು. ಅವೆಲ್ಲ ನಮ್ಮಂಥವರ ಕೈಗೆ ಎಟುಕುವ ಬೆಲೆಯವಲ್ಲ. 2010ರ ಡಿಸೆಂಬರಿನಲ್ಲಿ ಅದೇ ಬಿಡದಿಯ ಎರಡನೆಯ ಘಟಕದಿಂದ ಇಟಿಯೋಸ್ ಬಂತು. ಭಾರತದ ಕುಟುಂಬಗಳನ್ನೇ ಗಮನದಲ್ಲಿಟ್ಟುಕೊಂಡು ರೂಪಿಸಿದ ಕಾರು ಅದು. ಷೋರೂಮಿನ ಬೆಲೆ 4.96 ಲಕ್ಷ ರೂಪಾಯಿಯಿಂದ ಆರಂಭ. ನಿವೃತ್ತಿಯ ಹಣದಲ್ಲಿ ಮಗಳ ಮದುವೆಯ ಸಾಲ ತೀರಿಸಿ ಉಳಿದದ್ದಕ್ಕೆ ಅದು ಹೇಗೋ ಹೊಂದಿಕೊಂಡಿತು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ನನ್ನ ವಿದ್ಯಾರ್ಥಿಯ ವಿದ್ಯಾರ್ಥಿಯಾಗಿ, ನಾಗಮಂಗಲದ ಬಯಲೊಂದರಲ್ಲಿ ಕ್ಲಚ್ಚು ಬಿಡುವುದನ್ನು ಕಲಿತೆ. ಕೆಎ-54ರ ಫಲಕ ಹಾಕಿಕೊಂಡು ಕಾರು ಮನೆಗೆ ಬಂದ ದಿನ ಬೀದಿಯವರೆಲ್ಲ ಬಂದು ನೋಡಿದ್ದರು.

ಗುಣದೋಷಗಳನ್ನು ತೂಗುವ ಮೊದಲು, ಮಧ್ಯಮ ಗಾತ್ರದ ಕಾರು ಎಂದರೇನೆಂದು ಹೇಳಬೇಕು. ವ್ಯಾಖ್ಯೆಯಿಲ್ಲದೆ ಪ್ರಮೇಯಕ್ಕೆ ಕೈಹಾಕಬಾರದು. ನಮ್ಮ ದೇಶದ ವಾಹನ ತಯಾರಕರ ಸಂಘವು ಕಾರುಗಳನ್ನು ಉದ್ದದ ಮೇಲೆ ವಿಂಗಡಿಸುತ್ತಿದ್ದ ಕಾಲದಲ್ಲಿ, ನಾಲ್ಕು ಮೀಟರಿನವರೆಗಿನದು ಸಣ್ಣ ಕಾರು. ನಾಲ್ಕನ್ನು ದಾಟಿ ನಾಲ್ಕೂವರೆಯವರೆಗಿನದು ಮಧ್ಯಮ ಗಾತ್ರದ್ದು. ಇಟಿಯೋಸ್‌ನ ಉದ್ದ 4,265 ಮಿಲಿಮೀಟರು. ಸೆಡಾನ್ ಎಂದರೆ ಮುಂದೆ ಎಂಜಿನ್ನಿಗೊಂದು, ನಡುವೆ ಜನರಿಗೊಂದು, ಹಿಂದೆ ಸಾಮಾನಿಗೊಂದು ಪೆಟ್ಟಿಗೆಯಿರುವ ಕಾರು. ಹಿಂದಿನ ಪೆಟ್ಟಿಗೆಯನ್ನೇ ನಾವು ಡಿಕ್ಕಿ ಎನ್ನುವುದು.

ಈ ನಾಲ್ಕು ಮೀಟರಿನ ಗೆರೆ ಕಾಗದದ ಮೇಲಷ್ಟೇ ಉಳಿಯಲಿಲ್ಲ. 2006ರ ಕೇಂದ್ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರು ಮೀರದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಕಾರು ಮಾಡುವವರೆಲ್ಲ ಅಳತೆಪಟ್ಟಿ ಹಿಡಿದು ಕುಳಿತರು. ಸೆಡಾನುಗಳ ಬಾಲಗಳು ಮೊಟಕಾಗತೊಡಗಿದವು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಜೈರ್ 4,160 ಮಿಲಿಮೀಟರು ಇತ್ತು. 2012ರಲ್ಲಿ ಹೊಸದಾಗಿ ಬಂದದ್ದು 3,995. ಉಳಿಸಿದ್ದು ಒಂದು ಗೇಣಿಗಿಂತ ಕಡಿಮೆ. ಆದರೆ ಡಿಕ್ಕಿಯ ಅಳತೆ 440 ಲೀಟರಿನಿಂದ 316ಕ್ಕೆ ಇಳಿಯಿತು. ಇಟಿಯೋಸ್ ಮಾತ್ರ ಬಾಲ ಕತ್ತರಿಸಿಕೊಳ್ಳದೆ, ಹೆಚ್ಚಿನ ಸುಂಕವನ್ನು ತೆತ್ತುಕೊಂಡೇ ಉಳಿಯಿತು. ಅದರ 595 ಲೀಟರಿನ ಡಿಕ್ಕಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆಯ ಕಾರುಗಳ ಡಿಕ್ಕಿಗಳೂ ಸಾಟಿಯಾಗಲಿಲ್ಲ. ಸಾವಿರ ಲೀಟರು ಒಂದು ಘನ ಮೀಟರು ಎಂದು ಪಾಠ ಮಾಡುವಾಗ ಮಕ್ಕಳಿಗೆ ಅದನ್ನು ಕಲ್ಪಿಸಿಕೊಡಲು ಹೆಣಗುತ್ತಿದ್ದೆ. ಈ ಡಿಕ್ಕಿ ಅಂದು ಇದ್ದಿದ್ದರೆ ಬಾಗಿಲು ತೆರೆದು ತೋರಿಸಿ, “ಇದರ ಒಂದೂ ಮುಕ್ಕಾಲು ಪಾಲು” ಎಂದು ಮುಗಿಸುತ್ತಿದ್ದೆ.

ಮೊದಲನೆಯ ಗುಣ, ಆದ್ದರಿಂದ, ಡಿಕ್ಕಿ. ಪೇಟೆಯವರಿಗೆ ಅದು ಪ್ರಯಾಣದ ಪೆಟ್ಟಿಗೆಗಳ ಲೆಕ್ಕ. ನಮ್ಮ ಸೀಮೆಯವರಿಗೆ ತೆಂಗಿನಕಾಯಿಯ ಲೆಕ್ಕ. ಊರಿಗೆ ಹೋದವನು ಬರಿಗೈಯಲ್ಲಿ ಬಂದದ್ದಿಲ್ಲ. ಎರಡು ಚೀಲ ರಾಗಿ, ಅದರ ಪಕ್ಕಕ್ಕೆ ಕಾಯಿ, ಮೇಲೆ ಅವರೆಕಾಯಿಯ ಗಂಟು, ಸಂದಿಯಲ್ಲಿ ಹುಣಿಸೆಹಣ್ಣಿನ ಡಬ್ಬ, ಎಲ್ಲವೂ ಸೇರಿದ ಮೇಲೂ ಡಿಕ್ಕಿಯ ಬಾಗಿಲು ತಕರಾರಿಲ್ಲದೆ ಮುಚ್ಚುತ್ತಿತ್ತು. ಆದರೆ ಒಂದು ಎಚ್ಚರ. ಜಾಗವಿದೆಯೆಂದು ತುಂಬುತ್ತ ಹೋದರೆ ಹಿಂಭಾಗ ತಗ್ಗುತ್ತದೆ. ಊರಿನೊಳಗಿನ ರಸ್ತೆ ಉಬ್ಬುಗಳಿಗೆ ಹೊಟ್ಟೆ ತಾಗುತ್ತದೆ. ಲೀಟರು ಗಾತ್ರದ ಅಳತೆಯೇ ಹೊರತು ತೂಕದ್ದಲ್ಲ ಎಂಬ ಪಾಠವನ್ನು ಕಲಿಸಿದವನೇ ಅದನ್ನು ಮರೆತು ಎರಡು ಸಲ ಉಬ್ಬಿನ ಮೇಲೆ ಕರಕರ ಸದ್ದು ಕೇಳಿದ್ದೇನೆ.

ಎರಡನೆಯದು, ಹಿಂದಿನ ಆಸನದ ವಿಶಾಲತೆ. ಹಿಂಬದಿಯ ನೆಲದ ನಡುವೆ ಉಬ್ಬು ಇಲ್ಲವೆನ್ನುವಷ್ಟು ಸಮತಟ್ಟು. ಸಾಮಾನ್ಯವಾಗಿ ಕಾರಿನಲ್ಲಿ ಮೂರನೆಯವನಾಗಿ ನಡುವೆ ಕೂರುವವನು ಮನೆಯ ಕಿರಿಯನೋ, ದಾಕ್ಷಿಣ್ಯದವನೋ ಆಗಿರುತ್ತಾನೆ. ಈ ಕಾರಿನಲ್ಲಿ ಅವನಿಗೂ ಕಾಲಿಡಲು ನೆಲವಿದೆ.

ಮೂರನೆಯದು, ತಿರುಗುವ ಗುಣ. ಇಷ್ಟುದ್ದದ ಕಾರಿನ ತಿರುಗು ತ್ರಿಜ್ಯ 4.9 ಮೀಟರು, ಎಂದರೆ ಹತ್ತಿರ ಹತ್ತು ಮೀಟರಿನ ವೃತ್ತದಲ್ಲಿ ಸುತ್ತಿಬರುತ್ತದೆ. ಒಂದು ಬದಿಯಲ್ಲಿ ಹುಲ್ಲಿನ ಬಣವೆ, ಇನ್ನೊಂದು ಬದಿಯಲ್ಲಿ ಎತ್ತಿನಗಾಡಿಯ ಮೂಕಿ ಇರುವ ಹಳ್ಳಿಯ ಬೀದಿಯಲ್ಲಿ ವಯಸ್ಸಾದ ಮೇಲೆ ಓಡಿಸಲು ಕಲಿತವನಿಗೆ ಈ ಅಂಕಿಯ ಬೆಲೆ ಗೊತ್ತು.

ನಾಲ್ಕನೆಯದು, ಎಂಜಿನ್ನಿನ ಸರಳತೆ. ನನ್ನದು ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು, 90 ಅಶ್ವಶಕ್ತಿ. ಕಾರಿನ ತೂಕವೋ ಒಂದು ಟನ್ನಿಗಿಂತ ಕಡಿಮೆ. ಭಾರ ಕಡಿಮೆಯಾಗಿ ಬಲ ಸಾಕಷ್ಟಿದ್ದುದರಿಂದ, ಐದು ಜನರನ್ನು ಕೂರಿಸಿಕೊಂಡು ಜಕ್ಕನಹಳ್ಳಿಯಿಂದ ಮೇಲುಕೋಟೆಯ ಏರು ಹತ್ತುವಾಗಲೂ ಅದು ಏದುಸಿರು ಬಿಟ್ಟದ್ದಿಲ್ಲ. 2011ರಲ್ಲಿಯೇ ಡೀಸೆಲ್ ಮಾದರಿಯೂ ಬಂತು. ಅದರ ಬಲ 68 ಅಶ್ವಶಕ್ತಿಯಷ್ಟೇ. ಆದರೆ ಪ್ರಮಾಣಿತ ಪರೀಕ್ಷೆಯಲ್ಲಿ ಲೀಟರಿಗೆ 23.59 ಕಿಲೋಮೀಟರು. ಆ ಅಂಕಿಯನ್ನು ಮೊದಲು ಅರ್ಥಮಾಡಿಕೊಂಡವರು ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರಲ್ಲ, ಬಾಡಿಗೆ ಕಾರಿನ ಚಾಲಕರು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ತುಂಬ ಹಳದಿ ಫಲಕದ ಇಟಿಯೋಸ್‌ಗಳು ಕಾಣಿಸಿಕೊಂಡವು. ಮನೆಗೆಂದು ಕೊಳ್ಳುವವರು ಹಿಂದೆಗೆದರು, “ಅದು ಟ್ಯಾಕ್ಸಿ ಕಾರು ಬಿಡಿ” ಎಂದರು. ನನಗೆ ಈ ತರ್ಕ ಎಂದೂ ಹಿಡಿಸಲಿಲ್ಲ. ಕಿಲೋಮೀಟರಿಗೆ ಎಷ್ಟು ಖರ್ಚು, ಎಷ್ಟು ದಿನ ಗ್ಯಾರೇಜಿನಲ್ಲಿ ನಿಂತಿತು, ಸಾಲದ ಕಂತು ಕಟ್ಟಿದ ಮೇಲೆ ಎಷ್ಟು ಉಳಿಯಿತು ಎಂದು ಪ್ರತಿ ರಾತ್ರಿ ಲೆಕ್ಕ ಹಾಕುವವನು ಒಂದು ಕಾರನ್ನು ಒಪ್ಪಿದ್ದಾನೆಂದರೆ ಅದು ಪ್ರಶಸ್ತಿಪತ್ರವೇ ಹೊರತು ಕಳಂಕವಲ್ಲ.

ಈಗ ದೋಷಗಳಿಗೆ ಬರೋಣ. ಕಾರು ಒಳಗೂ ಹೊರಗೂ ಬಹಳ ಸಾದಾ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಲ್ಲಿ ಶ್ರೀಮಂತಿಕೆಯಿಲ್ಲ. ಬಂದ ಹೊಸತರಲ್ಲಿಯೇ ಎಲ್ಲರೂ ಅದನ್ನು ಆಡಿದರು. ವೇಗ ತೋರಿಸುವ ಮೀಟರು ಚಾಲಕನ ಕಣ್ಣೆದುರಿಗೆ ಇರದೆ ಡ್ಯಾಶ್‌ಬೋರ್ಡಿನ ನಡುವೆ ಇದೆ. ಬಲಗಡೆ ಸ್ಟಿಯರಿಂಗಿಗೂ ಎಡಗಡೆ ಸ್ಟಿಯರಿಂಗಿಗೂ ಒಂದೇ ಜೋಡಣೆ ಸಾಲುತ್ತದೆಂಬ ಅನುಕೂಲ ತಯಾರಕರದು. ಕತ್ತು ಹೊರಳಿಸುವ ಅಭ್ಯಾಸ ನಮ್ಮದು. ಮುಂದಿನ ಗಾಜಿಗೆ ಒಂದೇ ವೈಪರ್. ಸಾಧಾರಣ ಮಳೆಗೆ ಸಾಕು. ಎದುರಿನಿಂದ ಲಾರಿ ಕೆಸರು ಎರಚಿದಾಗ ಎರಡನೆಯದು ಇರಬಾರದಿತ್ತೇ ಎನ್ನಿಸುತ್ತದೆ. ಇವು ನಿತ್ಯದ ಕಿರಿಕಿರಿಗಳು, ಮನುಷ್ಯ ಹೊಂದಿಕೊಳ್ಳುತ್ತಾನೆ.

ಹೊಂದಿಕೊಳ್ಳಬಾರದ ಕೊರತೆ ಬೇರೆಯದು. ಅದರ ಹೊಣೆ ನನ್ನದೇ. 2011ರಲ್ಲಿ ಕಡಿಮೆ ಬೆಲೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಇನ್ನಷ್ಟು ಹಣ ತೆತ್ತಿದ್ದರೆ ಇರುವ ಮಾದರಿ ಸಿಗುತ್ತಿತ್ತು. ನಾನು ಕುಳಿತು ಲೆಕ್ಕ ಹಾಕಿದೆ. ಆ ಹಣದಲ್ಲಿ ಮನೆಯ ಹಿತ್ತಲ ಕಡೆಗೆ ತಡಿಕೆ ಬದಲು ಗೋಡೆಯನ್ನೇ ಕಟ್ಟಿಸಬಹುದಿತ್ತು. ಗೋಡೆ ಎದ್ದಿತು, ಏರ್‌ಬ್ಯಾಗ್ ಬರಲಿಲ್ಲ. 2015ರಲ್ಲಿ ಕಂಪನಿಯವರು ಎಲ್ಲ ಇಟಿಯೋಸ್‌ಗಳಿಗೂ ಮುಂದಿನ ಎರಡು ಏರ್‌ಬ್ಯಾಗ್‌ಗಳನ್ನು ಕಡ್ಡಾಯವಾಗಿ ಜೋಡಿಸತೊಡಗಿದರು. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಫ್ರಿಕಾದಲ್ಲಿ ಮಾರಾಟವಾಗುವ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ಎರಡು ಏರ್‌ಬ್ಯಾಗ್‌ಗಳಿದ್ದ ಇಟಿಯೋಸ್‌ಗೆ ವಯಸ್ಕರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರಗಳು ಬಂದವು. ಸ್ನೇಹಿತರೊಬ್ಬರು ಆ ಸುದ್ದಿಯನ್ನು ನನಗೆ ತೋರಿಸಿ ಅಭಿನಂದಿಸಿದರು. ಪಕ್ಕದ ಹುಡುಗ ಬರೆದ ಉತ್ತರಕ್ಕೆ ನಾನು ಅಂಕ ಪಡೆದಂತೆ ನಾಚಿಕೆಯಾಯಿತು. ಆ ನಕ್ಷತ್ರಗಳು ಅದೇ ಹೆಸರಿನ ಕಾರಿಗೆ ಬಂದವೇ ಹೊರತು ನನ್ನ ಕಾರಿಗಲ್ಲ. ಶಿಷ್ಯ ನೋಡಿರುವ 2016ರ ಕಾರು ಈ ವಿಷಯದಲ್ಲಿ ನನ್ನದಕ್ಕಿಂತ ಮೇಲು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಅಲ್ಲಿ ಕಾರುಗಳು ಹಾರಿಹೋಗುವುದನ್ನು ಕಂಡಾಗಲೆಲ್ಲ ನನ್ನ ಎದೆಯ ಮುಂದೆ ಸ್ಟಿಯರಿಂಗ್ ಮಾತ್ರವಿದೆ ಎಂಬುದು ನೆನಪಾಗುತ್ತದೆ. ನಾನು ಎಂಬತ್ತನ್ನು ದಾಟುವುದಿಲ್ಲ. ಹಿಂದೆ ಕುಳಿತವರೂ ಬೆಲ್ಟು ಹಾಕದೆ ಕಾರು ಹೊರಡುವುದಿಲ್ಲ.

ಇಂಧನದ ಮಾತೂ ಒಂದಿದೆ. ಹೊಸತರಲ್ಲಿ ಊರಿನ ರಸ್ತೆಗಳಲ್ಲಿ ಲೀಟರಿಗೆ ಹದಿನೈದರ ಆಸುಪಾಸು ಓಡುತ್ತಿದ್ದ ಕಾರು ಈಚೆಗೆ ಹದಿನಾಲ್ಕನ್ನು ಮುಟ್ಟಲು ತಿಣುಕುತ್ತದೆ. ವಯಸ್ಸು ಒಂದು ಕಾರಣ. ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಿರುವುದು ಇನ್ನೊಂದು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೆಯ ಒಂದರಷ್ಟು ಕಡಿಮೆ. ಆದ್ದರಿಂದ ಓಟವೂ ತುಸು ಕಡಿಮೆಯಾಗಲೇಬೇಕು. ಹಳೆಯ ಕಾರುಗಳ ರಬ್ಬರಿನ ಕೊಳವೆಗಳನ್ನೂ ಆಗಾಗ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಆದರೆ ಎಥನಾಲು ಕಬ್ಬಿನಿಂದಲೂ ಬರುತ್ತದೆ. ಮಂಡ್ಯ ಜಿಲ್ಲೆಯವನಾಗಿ ನಾನು ಕಬ್ಬನ್ನು ಬೈದರೆ ಉಂಡ ಮನೆಗೆ ಎರಡು ಬಗೆದಂತೆ. ವಿನೋದವೆಂದರೆ, ಇದೇ ಇಟಿಯೋಸ್ 2012ರಿಂದ ಬ್ರೆಜಿಲಿನ ಸೊರೊಕಾಬಾದಲ್ಲಿಯೂ ತಯಾರಾಯಿತು. ಅಲ್ಲಿಯದು ಕಬ್ಬಿನ ಎಥನಾಲನ್ನೇ ಕುಡಿದು ಓಡುವಂತೆ ರೂಪಿಸಿದ್ದು. ಬಿಡದಿಯ ಅಣ್ಣನಿಗೆ ಸೇರದ ಪಾನೀಯ ಬ್ರೆಜಿಲಿನ ತಮ್ಮನಿಗೆ ತಾಯಿಹಾಲು!

ಇಷ್ಟನ್ನು ನಾನು ವರ್ಷಗಳಿಂದಲೂ ಹೇಳಬಲ್ಲವನಾಗಿದ್ದೆ. ಯಾರಾದರೂ ಕೇಳಿದರೆ ಗುಣ ನಾಲ್ಕು, ದೋಷ ಮೂರು ಎಂದು ಬೆರಳು ಮಡಿಸಿ ಒಪ್ಪಿಸುತ್ತಿದ್ದೆ. ಆ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿತ್ತು. ಅದನ್ನು ನನಗೆ ತಿಳಿಸಿದವಳು ಎಂದೂ ಸ್ಟಿಯರಿಂಗ್ ಮುಟ್ಟದ ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಣಕೆರೆಯ ಬಳಿಯ ಹಳ್ಳಿಯಲ್ಲಿದ್ದಾಳೆ. ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಕಾರು ಬಂದ ಮೊದಲ ವರ್ಷಗಳಲ್ಲಿ ಅವಳನ್ನು ಎಲ್ಲೆಡೆ ಸುತ್ತಿಸಿದೆ. ಆದಿಚುಂಚನಗಿರಿ, ಮೇಲುಕೋಟೆ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರು, ನಂಜನಗೂಡು. ಆಮೇಲೆ ಬರಬರುತ್ತ ಅವಳು ಬರುವುದು ಕಡಿಮೆಯಾಯಿತು. “ಕಾರು ತರ್ತೀನಿ, ಹೊರಡಕ್ಕ” ಎಂದರೆ, “ಎಮ್ಮೆ ಈದದೆ ಕಣೋ” ಎನ್ನುವಳು. ಇನ್ನೊಮ್ಮೆ, “ರಾಗಿ ಬಡಿಯವ್ರು ಬತ್ತವ್ರೆ” ಎನ್ನುವಳು. 

ನನ್ನ ಮನಸ್ಸಿಗೆ ಬೇರೆಯದೇ ಕಾರಣ ಹೊಳೆಯಿತು. 2019ರಲ್ಲಿ ನಮ್ಮ ತಂದೆಯ ಹೆಸರಿನಲ್ಲಿದ್ದ ಜಮೀನು ಭಾಗವಾಯಿತು. ಅಕ್ಕನಿಗೂ ಸಮನಾದ ಹಕ್ಕಿತ್ತು. ಅವಳು ತನಗೆ ಬೇಡವೆಂದು ಸಹಿ ಹಾಕಿಕೊಟ್ಟಳು. ನಾನು ಒಂದು ಸಲ, “ಯೋಚನೆ ಮಾಡಕ್ಕ” ಎಂದೆ. ಎರಡನೆಯ ಸಲ ಹೇಳಲಿಲ್ಲ. ಹೇಳಬೇಕಾಗಿತ್ತು ಎಂಬುದು ಸಹಿಯ ಶಾಯಿ ಒಣಗುವ ಮೊದಲೇ ನನಗೆ ಗೊತ್ತಿತ್ತು. ಹಾಗಾಗಿ ಅವಳು ಕಾರು ಬೇಡವೆಂದಾಗಲೆಲ್ಲ ನನಗೆ ಆ ಸಹಿಯೇ ಕಾಣುತ್ತಿತ್ತು. ಮುನಿಸಿಕೊಂಡಿದ್ದಾಳೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ. ನನ್ನ ಹೋಗಿಬರುವಿಕೆಯೂ ಕಡಿಮೆಯಾಯಿತು. ಎರಡು ವರ್ಷಕ್ಕೂ ಮಿಗಿಲಾಗಿ ಹೀಗೆಯೇ ಕಳೆಯಿತು.

2022ರಲ್ಲಿ ನಾಗಮಂಗಲದ ಛತ್ರವೊಂದರಲ್ಲಿ ಬಂಧುಗಳ ಮನೆಯ ಮದುವೆ. ಹಿಂದಿನ ದಿನ ಕಾರು ತರುತ್ತೇನೆಂದು ಹೇಳಿಕಳಿಸಿದರೆ ಬೇಡವೆಂಬ ಉತ್ತರ ಬಂತು. ಮುಹೂರ್ತದ ಹೊತ್ತಿಗೆ ಛತ್ರದ ಮುಂದೆ ನಿಂತಿದ್ದೇನೆ. ಅಕ್ಕ ಆಟೋದಲ್ಲಿ ಬಂದಳು. ಅಷ್ಟು ದೂರ, ಆ ಕುಲುಕಾಟದಲ್ಲಿ! ನೆಂಟರೆಲ್ಲ ನೋಡುತ್ತಿದ್ದಾರೆ. ತಮ್ಮನ ಕಾರು ಬಾಗಿಲಲ್ಲೇ ನಿಂತಿದೆ, ಅಕ್ಕ ಆಟೋದಿಂದ ಇಳಿಯುತ್ತಿದ್ದಾಳೆ. ನನಗೆ ಕೋಪವೂ ದುಃಖವೂ ಒಟ್ಟಿಗೇ ಬಂದವು. ಊಟವಾದ ಮೇಲೆ ಅವಳನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ ಕೇಳಿಯೇಬಿಟ್ಟೆ. “ಜಮೀನಿನ ವಿಚಾರಕ್ಕೆ ನನ್ನ ಮೇಲೆ ಮುನಿಸಾ ಅಕ್ಕ?”

ಅವಳು ನನ್ನ ಮುಖವನ್ನೇ ನೋಡಿದಳು. “ಯಾವ ಜಮೀನೋ?” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ನಿನ್ ಕಾರಲ್ಲಿ ಕೂರದು ಅಂದ್ರೆ ಬಾವಿಗೆ ಇಳ್ದಂಗೆ ಆಯ್ತದೆ ಕಣೋ. ಇಳಿಯದು ಹೆಂಗೋ ಇಳೀಬೋದು, ಮ್ಯಾಕೆ ಹತ್ತಕ್ಕೇ ಆಗಕಿಲ್ಲ. ಮಂಡಿ ಹಿಡ್ಕತದೆ. ಆಟೋದಲ್ಲಾದ್ರೆ ಜಗಲಿ ಮ್ಯಾಲೆ ಕೂತಂಗೆ ಕೂತ್ಕತೀನಿ” ಎಂದಳು.

“ಅದನ್ನು ಹೇಳಬಾರದಿತ್ತೇನಕ್ಕ?”

“ರಿಟೇರಾದ ದುಡ್ಡಲ್ಲಿ ಆಸೆಪಟ್ಟು ತಕಂಡಿದ್ದೀಯ. ಅದ್ಕೆ ನಾನ್ ಯಾಕಪ್ಪ ಹೆಸ್ರು ಇಡಾನೆ ಅಂತ ಸುಮ್ಗಿದ್ದೆ.”

ನಾನು ಆ ಸಂಜೆ ಕಾರಿನ ಬಾಗಿಲು ತೆರೆದು, ಮಂಡಿನೋವಿನವನಂತೆ ನಟಿಸುತ್ತ ಹತ್ತಾರು ಸಲ ಹತ್ತಿ ಇಳಿದೆ. ಪಕ್ಕದ ಮನೆಯವರು ಏನೆಂದುಕೊಂಡರೋ ತಿಳಿಯದು. ಕುರ್ಚಿಯ ಮೇಲೆ ನಾವು ಬೆನ್ನು ಹಾಕಿ ನೇರವಾಗಿ ಕೂರುತ್ತೇವೆ, ನೇರವಾಗಿ ಏಳುತ್ತೇವೆ. ಸೆಡಾನ್ ಕಾರಿನಲ್ಲಿ ಹಾಗಲ್ಲ. ಚಾವಣಿ ತಗ್ಗಿರುವುದರಿಂದ ತಲೆ ಬಗ್ಗಿಸಬೇಕು. ಬಾಗಿಲ ಹೊಸ್ತಿಲನ್ನು ದಾಟಿಸಲು ಒಂದು ಕಾಲೆತ್ತಿ ಇನ್ನೊಂದು ಮಂಡಿಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕು. ಸೊಂಟ ತಿರುಚಿ, ಹಿಂದಕ್ಕೆ ವಾಲಿದ ಮೆತ್ತನೆಯ ಆಸನದೊಳಕ್ಕೆ ಕುಸಿಯಬೇಕು. ಏಳುವಾಗ ಅದೇ ಹಾದಿಯನ್ನು ತಿರುಗಾಮುರುಗಾ ನಡೆಯಬೇಕು. ಗಟ್ಟಿಮುಟ್ಟಾದವನಿಗೆ ಇದು ಒಂದು ಕ್ಷಣದ ಕೆಲಸ; ಸವೆದ ಮಂಡಿಗೆ ಬೆಟ್ಟ ಹತ್ತಿದಂತೆ. ಹಳೆಯ ಅಂಬಾಸಿಡರ್ ಕಾರು ನಿಮಗೆ ನೆನಪಿರಬಹುದು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅದೂ ಸೆಡಾನೇ, ಆದರೆ ಅದರ ಚಾವಣಿ ಗುಮ್ಮಟದಂತೆ ಎತ್ತರ, ಆಸನವೂ ಎತ್ತರ. ಪೇಟ ಕಟ್ಟಿದ ಯಜಮಾನರು ಪೇಟ ತೆಗೆಯದೆ ಕೂರುತ್ತಿದ್ದರು. ಗಾಳಿಯನ್ನು ಸೀಳಿಕೊಂಡು ಕಡಿಮೆ ಇಂಧನದಲ್ಲಿ ಓಡಲೆಂದು ಹೊಸ ಸೆಡಾನುಗಳು ನೆಲಕ್ಕೆ ಹತ್ತಿರವಾದವು, ಹಿರಿಯರ ಮಂಡಿಗಳಿಂದ ದೂರವಾದವು. ಜನ ಎತ್ತರದ ಕಾರುಗಳ ಕಡೆಗೆ ಹೊರಳಿದ್ದಕ್ಕೆ ಆಡಂಬರವೊಂದೇ ಕಾರಣವೆಂದು ನಾನು ಮೊದಲು ಹಂಗಿಸುತ್ತಿದ್ದೆ. ಈಗ ಹಂಗಿಸುವುದಿಲ್ಲ. ಆದರೆ ತೀರ ಎತ್ತರದ್ದೂ ಅಕ್ಕನಂಥವರಿಗೆ ಕಷ್ಟವೇ. ಅಲ್ಲಿ ಬಾವಿಯ ಬದಲು ಅಟ್ಟ. ಆಸನವು ನಿಂತವರ ಮಂಡಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ ಇದ್ದರೆ ಸರಿ.

ಆಮೇಲೆ ನಾವಿಬ್ಬರೂ ಒಂದು ಉಪಾಯ ಕಂಡುಕೊಂಡೆವು. ಅಕ್ಕನನ್ನು ಹಿಂದೆ ಕೂರಿಸುವುದು ಗೌರವವೆಂದು ನಾನು ತಿಳಿದಿದ್ದೆ, ಅದನ್ನು ಬಿಟ್ಟೆ. ಮುಂದಿನ ಆಸನವನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅದರ ಮೇಲೆ ತೆಂಗಿನ ನಾರಿನ ಗಟ್ಟಿ ಮೆತ್ತೆಯೊಂದನ್ನು ಹಾಕಿದೆ. ಕಾಲನ್ನು ಮೊದಲು ಒಳಗಿಡಬಾರದು. ಆಸನಕ್ಕೆ ಬೆನ್ನು ಮಾಡಿ ನಿಂತು, ಮೊದಲು ಕೂತು, ಆಮೇಲೆ ಎರಡು ಕಾಲುಗಳನ್ನೂ ಒಟ್ಟಿಗೆ ಒಳಕ್ಕೆ ತಿರುಗಿಸಿಕೊಳ್ಳಬೇಕು. ಇಳಿಯುವಾಗಲೂ ಎರಡೂ ಪಾದ ನೆಲಕ್ಕೆ ಊರಿದ ಮೇಲೆಯೇ ಏಳಬೇಕು. ಮೊದಲ ಸಲ ಹೀಗೆ ಕುಳಿತಾಗ ಅಕ್ಕ, “ಇಷ್ಟೇಯಾ!” ಎಂದಳು. ನನಗೆ ಬೇರೆ ಇನ್ನೇನನ್ನೋ ಕುರಿತು ಹೇಳಿದಂತೆ ಕೇಳಿಸಿತು. ಜಮೀನಿನ ಮಾತನ್ನು ಅವಳು ಮತ್ತೆ ಎತ್ತಿಲ್ಲ. ನಾನು ಎತ್ತಿದೆ. ಅದರ ವಿವರ ಇಲ್ಲಿ ಬೇಡ. ಬಿಟ್ಟುಹೋದ ಲೆಕ್ಕಗಳನ್ನು ತಡವಾಗಿಯಾದರೂ ಸರಿಪಡಿಸಬಹುದು ಎಂದಷ್ಟೇ ಹೇಳುತ್ತೇನೆ.

ಇನ್ನು ಶಿಷ್ಯನ ಪ್ರಶ್ನೆಗೆ ಉತ್ತರ. ಹೊಸ ಇಟಿಯೋಸ್ ಈಗ ಸಿಗುವುದಿಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಕಂಪನಿ ಅದನ್ನು ಕೈಬಿಟ್ಟಿತು. ಅಗ್ಗದ ಉದ್ದನೆಯ ಸೆಡಾನುಗಳ ಕಾಲವೇ ಮುಗಿಯುತ್ತ ಬಂದಂತಿದೆ. ಮಾರುತಿಯ ಸಿಯಾಜ್ ಸಹ 2025ರಲ್ಲಿ ನಿಂತಿತು. ಆ ನಾಲ್ಕು ಮೀಟರಿನ ಗೆರೆಯಂತೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ಗೆರೆಯೊಳಗಿನ ಸಣ್ಣ ಕಾರಿಗೆ ಶೇಕಡಾ 18, ದಾಟಿದ್ದಕ್ಕೆ ಶೇಕಡಾ 40. ಆದ್ದರಿಂದ ಮಧ್ಯಮ ಗಾತ್ರದ ಸೆಡಾನನ್ನು ಕಡಿಮೆ ಹಣಕ್ಕೆ ಬಯಸುವವನು ಹಳೆಯದನ್ನೇ ಅರಸುವುದು ಸಹಜ. ಮಗು, ನೀನು ನೋಡಿರುವ ಕಾರಿನ ದಾಖಲೆಯಲ್ಲಿ ಅದು ಮೊದಲು ಹಳದಿ ಫಲಕದ್ದಾಗಿತ್ತೇ ಎಂದು ಪರಿಶೀಲಿಸು. ಬಾಡಿಗೆಗೆ ಓಡಿದ್ದೆಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಎಷ್ಟು ಓಡಿದೆ ಎಂಬ ಸತ್ಯಕ್ಕೆ ತಕ್ಕ ಬೆಲೆ ಇರಬೇಕು. ಏರ್‌ಬ್ಯಾಗ್‌ಗಳು ಇವೆಯೇ, ಅಪಘಾತದಲ್ಲಿ ಒಮ್ಮೆ ತೆರೆದುಕೊಂಡು ಆಮೇಲೆ ಬರಿದೆ ಮುಚ್ಚಳ ಹಾಕಿದ್ದಾರೆಯೇ ಎಂದು ತಿಳಿದವರಿಂದ ನೋಡಿಸು. ನೋಂದಣಿ ಯಾವಾಗ ಮುಗಿಯುತ್ತದೆಂದು ಓದಿಕೋ. 2016ರದಕ್ಕೆ 2031ರವರೆಗೆ ಚಿಂತೆಯಿಲ್ಲ.

ಇವೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡು. ಕಾರು ನೋಡಲು ಹೋಗುವಾಗ ನಿನ್ನ ತಾಯಿಯನ್ನೂ ಕರೆದುಕೊಂಡು ಹೋಗು. ಅವರನ್ನು ಮೂರು ಸಲ ಹತ್ತಿಸಿ ಇಳಿಸು. ಮೂರನೆಯ ಸಲ ಇಳಿಯುವಾಗ ಅವರ ಕೈ ಏನನ್ನು ಹಿಡಿದುಕೊಳ್ಳುತ್ತದೆ ನೋಡು. “ಹೇಗಿದೆಯವ್ವ?” ಎಂದು ಕೇಳಿದರೆ, “ಚೆನ್ನಾಗದೆ ಕಣಪ್ಪ” ಎಂದೇ ಹೇಳುತ್ತಾರೆ. ಆ ಮಾತನ್ನು ನಂಬಬೇಡ, ಕೈಯನ್ನು ನೋಡು.

ನನ್ನ ಕಾರನ್ನು ನಾನು ಇಟ್ಟುಕೊಳ್ಳಲು ತೀರ್ಮಾನಿಸಿದ್ದೇನೆ. ಸಾರಿಗೆ ಕಚೇರಿಯ ತಪಾಸಣೆಗೆ ಒಯ್ಯುವ ಮೊದಲು ದೀಪ, ಬ್ರೇಕು, ಹೊಗೆ ಪರೀಕ್ಷೆಗಳೆಲ್ಲ ಆಗಬೇಕು. ಒಂದೇ ಇರುವ ವೈಪರಿನ ರಬ್ಬರನ್ನೂ ಬದಲಿಸಬೇಕು. ಏರ್‌ಬ್ಯಾಗ್ ಇಲ್ಲದ ಈ ಕಾರನ್ನು ಇನ್ನು ಮುಂದೆ ಹೆದ್ದಾರಿಗೆ ಒಯ್ಯುವುದಿಲ್ಲ. ನಾಗಮಂಗಲದಿಂದ ಹೊಣಕೆರೆ, ಅಲ್ಲಿಂದ ಅಕ್ಕನ ಮನೆ. ಅದರ ಪಾಲಿಗೆ ಅಷ್ಟು ಹಾದಿ ಸಾಕು, ನನಗೂ ಸಾಕು. ತಪಾಸಣೆ ಮುಗಿಸಿ ತೊಳೆದು ಒರೆಸಿ ತರುವಾಗ ಮುಂದಿನ ಆಸನದ ನಾರಿನ ಮೆತ್ತೆಯನ್ನು ತೆಗೆಯಕೂಡದೆಂದು ಗ್ಯಾರೇಜಿನ ಹುಡುಗನಿಗೆ ಈಗಾಗಲೇ ಹೇಳಿಟ್ಟಿದ್ದೇನೆ.